ಬ್ಲ್ಯಾಕ್‌ಮೇಲ್‌ನಲ್ಲಿರುವ ‘ಮೇಲ್’ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ದಿನಾ ಆಡುವ ಇಂಗ್ಲಿಷ್ ಪದಗಳಲ್ಲಿ ಬ್ಲ್ಯಾಕ್‌ಮೇಲ್ ಕೂಡ ಒಂದು. ಟಿವಿ ಸುದ್ದಿಯಲ್ಲಿ ಬರುತ್ತದೆ, ಧಾರಾವಾಹಿಯಲ್ಲಿ ಬರುತ್ತದೆ, ಗಂಡ ಹೆಂಡತಿ ಜಗಳದಲ್ಲೂ ಬರುತ್ತದೆ. ಏಳನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳು ಒಂದು ದಿನ ಕೇಳಿದಳು: “ಮಾಮ, ಇ-ಮೇಲ್ ಅಂದ್ರೆ ಗೊತ್ತು. ಬ್ಲ್ಯಾಕ್‌ಮೇಲ್ ಅಂದ್ರೆ ಕಪ್ಪು ಕಾಗದದಲ್ಲಿ ಬರೆಯೋ ಪತ್ರಾನಾ?” ನಗು ಬಂತು. ಆದರೆ ನಾನೂ ಬಹಳ ವರ್ಷ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆ. ಅವಳು ಕೇಳಿದ್ದು, ಆಮೇಲೆ ಗೆಳೆಯರು ಕೇಳಿದ್ದು, ನಾನೇ ನನಗೆ ಕೇಳಿಕೊಂಡದ್ದು ಎಲ್ಲ ಸೇರಿ ಇಷ್ಟಾಯಿತು.

ಬ್ಲ್ಯಾಕ್‌ಮೇಲ್ ಅಂದರೆ ಬೆದರಿಕೆ ಪತ್ರ ಅಲ್ವಾ?

ಅಲ್ಲ. ಈ ಮೇಲ್‌ಗೂ ಅಂಚೆಗೂ ಸಂಬಂಧವೇ ಇಲ್ಲ. ಸ್ಕಾಟ್ಲೆಂಡಿನ ಹಳೇ ಮಾತಿನಲ್ಲಿ ‘ಮೇಲ್’ ಅಂದರೆ ಗೇಣಿ, ಕಂದಾಯ, ಬಾಡಿಗೆ. ರೈತ ತನ್ನ ಒಡೆಯನಿಗೆ ಕೊಡುತ್ತಿದ್ದದ್ದು ಮೇಲ್. ದನ ಮೇಯಿಸುವ ಹುಲ್ಲುಗಾವಲಿಗೆ ಕೊಡುತ್ತಿದ್ದದ್ದು ಗ್ರಾಸ್‌ಮೇಲ್. ಹಾಗೆ ನೋಡಿದರೆ ಬ್ಲ್ಯಾಕ್‌ಮೇಲ್ ಅಂದರೆ ‘ಕರಿ ಗೇಣಿ’.

ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ‘ಕಪ್ಪು ಕಪ್ಪ’ ಎನ್ನಬಹುದು. ಸೋತ ರಾಜ ಗೆದ್ದವನಿಗೆ ಒಪ್ಪಿಸುತ್ತಿದ್ದ ಕಪ್ಪ ಗೊತ್ತಲ್ಲ, ಅದೇ. ಸದ್ದು ಹೊಂದುತ್ತದೆ ಅಂತ ಕಪ್ಪಿಗೂ ಕಪ್ಪಕ್ಕೂ ನಂಟು ಕಟ್ಟಲು ಹೋಗಬೇಡಿ, ಸುಮ್ನೆ ತಮಾಷೆಗೆ ಹೇಳಿದೆ.

ಹಾಗಾದರೆ ಇಂಗ್ಲಿಷಿನಲ್ಲಿ ಎಷ್ಟು ‘ಮೇಲ್’ ಇವೆ?

ಒಂದೇ ಅಕ್ಷರಗಳಲ್ಲಿ ಬರೆಯುವ ಮೂರು ಬೇರೆ ಬೇರೆ ಪದಗಳಿವೆ.

ಅಂಚೆಯ ಮೇಲ್ ಹಳೇ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಚೀಲ. ಟಪ್ಪಾಲಿನ ಚೀಲದ ಹೆಸರು ಒಳಗಿದ್ದ ಕಾಗದಗಳಿಗೆ ಅಂಟಿತು. ಆಮೇಲೆ ಟಪ್ಪಾಲು ಹೊತ್ತು ಓಡುವ ರೈಲಿಗೂ ಅಂಟಿತು. ‘ಮೇಲ್ ಗಾಡಿ’ಯಲ್ಲಿ ಮದ್ರಾಸಿಗೆ ಹೋಗಿ ಬಂದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು.

ಯೋಧರು ತೊಡುತ್ತಿದ್ದ ಕಬ್ಬಿಣದ ಬಳೆಗಳ ಅಂಗಿಗೂ ಮೇಲ್ ಅನ್ನುತ್ತಾರೆ. ಅದೂ ಫ್ರೆಂಚ್ ದಾರಿಯಲ್ಲೇ ಬಂದದ್ದು, ಬೇರು ಮಾತ್ರ ಲ್ಯಾಟಿನ್. ಬಲೆಯ ಕಣ್ಣು ಅನ್ನುವ ಅರ್ಥದ ಪದ ಅದು.

ಮೂರನೆಯದೇ ನಮ್ಮದು. 9ನೇ ಶತಮಾನದಿಂದ ಬ್ರಿಟನ್ನಿಗೆ ಬಂದು ನೆಲೆಸಿದ ವೈಕಿಂಗರ ಭಾಷೆಯಲ್ಲಿ ‘ಮಾಲ್’ ಅಂದರೆ ಮಾತು. ಮಾತಿನಿಂದ ಒಪ್ಪಂದ, ಒಪ್ಪಂದದಿಂದ ಒಪ್ಪಿಕೊಂಡ ಹಣ. ಇದು ನಮಗೆ ಹೊಸದಲ್ಲ. ಹೆಣ್ಣು ನೋಡಿ ಬಂದವರನ್ನು “ಮಾತುಕತೆ ಆಯ್ತಾ?” ಅಂತ ಕೇಳಿದರೆ, ಹರಟೆ ಹೊಡೆದಿರಾ ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ.

ಗೇಣಿ ಸರಿ. ಅದು ಕಪ್ಪು ಹೇಗಾಯಿತು?

ಇದಕ್ಕೆ ಎರಡು ವಿವರಣೆ ಚಾಲ್ತಿಯಲ್ಲಿವೆ.

ಒಂದು, ಕಪ್ಪು ಅಂದರೆ ಕೆಟ್ಟದ್ದು, ಕಾನೂನಿಗೆ ಹೊರಗಿನದು. ನಾವು ಕಾಳಸಂತೆ, ಕಪ್ಪುಹಣ ಅನ್ನುವ ಹಾಗೆ.

ಇನ್ನೊಂದು ನನಗೆ ಜಾಸ್ತಿ ಇಷ್ಟ. ಬ್ರಿಟನ್ನಿನಲ್ಲಿ ಬೆಳ್ಳಿ ನಾಣ್ಯದಲ್ಲಿ ಕೊಡುವ ಗೇಣಿಗೆ ‘ಬಿಳಿ ಬಾಡಿಗೆ’ ಎನ್ನುತ್ತಿದ್ದರು. ದವಸ, ದನ, ದುಡಿಮೆಯ ರೂಪದಲ್ಲಿ ಕೊಟ್ಟರೆ ಅದು ‘ಕರಿ ಬಾಡಿಗೆ’. ಬೆಳ್ಳಿಯನ್ನು ಬಿಳಿ ಅಂದದ್ದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ, ನಮ್ಮ ‘ಬೆಳ್ಳಿ’ಯೇ ಬಿಳುಪಿನಿಂದ ಬಂದ ಪದ. ಕರಾವಳಿಯ ಹಿರಿಯರಿಗೆ ಮುಡಿ ಅಕ್ಕಿಯ ಗೇಣಿ ನೆನಪಿರಬಹುದು. ಆ ಲೆಕ್ಕದಲ್ಲಿ ಅದೂ ಕರಿ ಬಾಡಿಗೆಯೇ. ಬ್ಲ್ಯಾಕ್‌ಮೇಲ್ ವಸೂಲಿ ಮಾಡುತ್ತಿದ್ದವರು ಸ್ಕಾಟ್ಲೆಂಡ್ ಗಡಿಯ ದನಗಳ್ಳರು, ಅವರ ಕಥೆ ಮುಂದಿದೆ. ಅವರ ಬಾಯಿಗೆ ಈ ಪದ ಹೇಗೆ ಸಿಕ್ಕಿತು ಅನ್ನುವುದೂ ಇಲ್ಲಿ ಸುಲಭವಾಗುತ್ತದೆ. ಬಡ ರೈತ ಅವರಿಗೆ ಬೆಳ್ಳಿ ಎಲ್ಲಿಂದ ತಂದಾನು? ಕಾಳು, ದನ ಕೊಡುತ್ತಿದ್ದ.

ಎರಡೂ ಅರ್ಥ ಒಂದಕ್ಕೊಂದು ಬೆರೆತಿರಬಹುದು. ಐರ್ಲೆಂಡಿನಲ್ಲೂ ಇಂಥದ್ದೇ ಹೆಸರು ಸಿಗುತ್ತದೆ. 15ನೇ ಶತಮಾನದಲ್ಲಿ ಡಬ್ಲಿನ್ ಸುತ್ತಲಿನ ಇಂಗ್ಲಿಷ್ ವಸತಿಗಾರರು ತಮ್ಮ ಮೇಲೆ ಬೀಳದಿರಲಿ ಅಂತ ಐರಿಷ್ ಪಾಳೇಗಾರರಿಗೆ ಕೊಡುತ್ತಿದ್ದ ಹಣಕ್ಕೆ ‘ಬ್ಲ್ಯಾಕ್ ರೆಂಟ್’ ಎಂದೇ ಹೆಸರು.

ಇದರಲ್ಲಿ ಮೈಬಣ್ಣದ ಮಾತಿದೆಯಾ?

ಇಲ್ಲ. ಕೊಟ್ಟವರು, ಕಿತ್ತುಕೊಂಡವರು ಇಬ್ಬರೂ ಒಂದೇ ಬಣ್ಣದವರು, ಎಷ್ಟೋ ಸಲ ಒಂದೇ ಕಣಿವೆಯವರು.

ಯಾರು ಯಾರಿಗೆ ಕೊಡುತ್ತಿದ್ದರು?

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡು ಬೇರೆ ರಾಜ್ಯಗಳಾಗಿದ್ದ ಕಾಲ. ನಡುವಿನ ಗಡಿಯಲ್ಲಿ ಗುಡ್ಡ, ಜೌಗು, ಹುಲ್ಲುಗಾವಲು. ಎರಡೂ ಕಡೆಯ ಸೈನ್ಯ ಇದೇ ನೆಲ ತುಳಿದು ಹೋಗುತ್ತಿತ್ತು. ಬೆಳೆದ ಬೆಳೆ ಕೈಗೆ ಬರುತ್ತದೆ ಅನ್ನುವ ನಂಬಿಕೆ ಯಾರಿಗೂ ಇರಲಿಲ್ಲ. ಹೊಲ ನಂಬುವುದಕ್ಕಿಂತ ದನ ನಂಬುವುದು ವಾಸಿ, ದನ ಸಾಕುವುದಕ್ಕಿಂತ ಪಕ್ಕದವನದ್ದು ಹೊಡೆದುಕೊಂಡು ಬರುವುದು ಇನ್ನೂ ವಾಸಿ. ಸುಮಾರು ಮುನ್ನೂರು ವರ್ಷ ಈ ಭಾಗದ ಬದುಕೇ ಹೀಗಿತ್ತು.

ಈ ದನಗಳ್ಳ ಕುದುರೆ ಸವಾರರನ್ನು ರೀವರ್‌ಗಳು ಎನ್ನುತ್ತಾರೆ. ಆರ್ಮ್‌ಸ್ಟ್ರಾಂಗ್, ಎಲಿಯಟ್, ಗ್ರಹಾಂ, ಕೆರ್, ಮ್ಯಾಕ್ಸ್‌ವೆಲ್, ನಿಕ್ಸನ್ ಎಂಬ ಮನೆತನಗಳು ಇದರಲ್ಲಿ ಹೆಸರುವಾಸಿ. 1969ರಲ್ಲಿ ಚಂದ್ರನ ಮೇಲೆ ನಿಂತಿದ್ದ ನೀಲ್ ಆರ್ಮ್‌ಸ್ಟ್ರಾಂಗ್‌ಗೆ ಅಧ್ಯಕ್ಷ ನಿಕ್ಸನ್ ಫೋನ್ ಮಾಡಿದರಲ್ಲ, ಆ ತಂತಿಯ ಎರಡೂ ತುದಿಯಲ್ಲಿದ್ದದ್ದು ಈ ಗಡಿಯ ಮನೆತನಗಳ ಹೆಸರೇ. 1972ರಲ್ಲಿ ಆರ್ಮ್‌ಸ್ಟ್ರಾಂಗ್ ಲ್ಯಾಂಗ್‌ಹೋಂ ಎಂಬ ಗಡಿಯ ಊರಿಗೆ ಹೋಗಿ ಗೌರವ ಪಡೆದು ಬಂದರು.

ಚಳಿಗಾಲದ ಉದ್ದ ರಾತ್ರಿಗಳು ರೀವರ್‌ಗಳಿಗೆ ಸುಗ್ಗಿ. ಹೆದರಿದ ರೈತರು ಕಲ್ಲಿನ ದಪ್ಪ ಗೋಡೆಯ ಮನೆ ಕಟ್ಟಿಕೊಂಡರು. ಕೆಳಗೆ ಕೊಟ್ಟಿಗೆ, ಮೇಲೆ ಮನುಷ್ಯರು. ಕತ್ತಲಾದ ಮೇಲೆ ದನಗಳನ್ನು ಒಳಗೆ ಕೂಡಿ, ತಾವು ಏಣಿ ಹತ್ತಿ, ಏಣಿಯನ್ನು ಮೇಲೆ ಎಳೆದುಕೊಂಡು ಮಲಗುತ್ತಿದ್ದರು. ಅಂಥ ಮನೆಗಳು ಇಂಗ್ಲೆಂಡಿನ ನಾರ್ತಂಬರ್ಲೆಂಡಿನಲ್ಲಿ ಇವತ್ತಿಗೂ ನಿಂತಿವೆ.

ದನ ಹೋಯಿತು ಅಂತಿಟ್ಟುಕೊಳ್ಳಿ. ಆರು ದಿನದೊಳಗೆ ಗಡಿ ದಾಟಿ ಅಟ್ಟಿಸಿಕೊಂಡು ಹೋಗಲು ಗಡಿಯ ಕಾನೂನೇ ಬಿಡುತ್ತಿತ್ತು. ಅದಕ್ಕೆ ‘ಹಾಟ್ ಟ್ರಾಡ್’ ಎಂದು ಹೆಸರು. ಜೌಗಿನಿಂದ ಕಡಿದು ಒಣಗಿಸಿದ ಉರುವಲಿನ ಹೆಂಟೆಯೊಂದಕ್ಕೆ ಬೆಂಕಿ ಹಚ್ಚಿ, ಅದನ್ನು ಭರ್ಜಿಯ ತುದಿಗೆ ಚುಚ್ಚಿಕೊಂಡು, ಬೇಟೆನಾಯಿ ಬಿಟ್ಟು, ಕೊಂಬು ಊದುತ್ತ ಹೋಗಬೇಕು. ನಾವು ಕದಿಯಲು ಬಂದವರಲ್ಲ, ಕಳ್ಳನನ್ನು ಹುಡುಕಿ ಬಂದವರು ಅಂತ ಆ ಬೆಂಕಿ ಹೇಳುತ್ತಿತ್ತು. ದಾರಿಯಲ್ಲಿ ಸಿಕ್ಕವರು ಜೊತೆಗೆ ಬರಲೇಬೇಕು, ಸುಮ್ಮನೆ ನೋಡುತ್ತ ನಿಲ್ಲುವ ಹಾಗಿಲ್ಲ.

ಎಲ್ಲರಿಗೂ ಇಷ್ಟು ತಾಕತ್ತು ಎಲ್ಲಿಂದ ಬರಬೇಕು? ವಿಧವೆಯೊಬ್ಬಳ ನಾಲ್ಕು ಹಸು ಹೋದರೆ ಭರ್ಜಿ ಹಿಡಿಯುವವರು ಯಾರು? ಅಲ್ಲಿಗೆ ಬ್ಲ್ಯಾಕ್‌ಮೇಲ್ ಬಂತು. ಬಲವಾದ ಮನೆತನವೊಂದಕ್ಕೆ ವರ್ಷಕ್ಕಿಷ್ಟು ಅಂತ ಕೊಟ್ಟರೆ ಅವರು ನಿಮ್ಮ ದನ ಮುಟ್ಟುವುದಿಲ್ಲ. ಬೇರೆಯವರು ಹೊಡೆದುಕೊಂಡು ಹೋದರೆ ಹುಡುಕಿ ತಂದೂ ಕೊಡುತ್ತಾರೆ. ಕೊಡದಿದ್ದರೆ ಅವರೇ ಬರುತ್ತಾರೆ. ಪಾಪದ ರೈತನಿಗೆ ಎರಡೆರಡು ಕಂದಾಯ. ಜಮೀನಿನ ಒಡೆಯನಿಗೆ ಒಂದು, ಕಳ್ಳನಿಗೆ ಒಂದು.

ಇದರಲ್ಲಿ ಗುಟ್ಟಿನ ಮಾತೇ ಇಲ್ಲ ಅನ್ನುವುದನ್ನು ಗಮನಿಸಿ. ಊರಿಗೆಲ್ಲ ಗೊತ್ತಿದ್ದ ವಸೂಲಿ ಅದು.

ಸರ್ಕಾರ ಏನು ಮಾಡುತ್ತಿತ್ತು?

ಗಡಿಯ ಎರಡೂ ಬದಿಯನ್ನು ಮೂರು ಮೂರು ಭಾಗ ಮಾಡಿ ಒಬ್ಬೊಬ್ಬ ವಾರ್ಡನ್‌ನನ್ನು ಇಟ್ಟಿದ್ದರು. ಅವರಲ್ಲಿ ಕೆಲವರು ರೀವರ್ ಮನೆತನದವರೇ. ಬೇಲಿಯೇ ಎದ್ದು ಹೊಲ ಮೇದ ಕಥೆ.

ಧರ್ಮದ ಕಡೆಯಿಂದಲೂ ಪ್ರಯತ್ನ ಆಯಿತು. ಗ್ಲಾಸ್ಗೋದ ಆರ್ಚ್‌ಬಿಷಪ್ ಗೇವಿನ್ ಡನ್ಬಾರ್ 1525ರಲ್ಲಿ ರೀವರ್‌ಗಳಿಗೆ ಶಾಪ ಹಾಕಿದರು. ಚಿಕ್ಕಪುಟ್ಟ ಶಾಪ ಅಲ್ಲ, ಸಾವಿರಕ್ಕೂ ಜಾಸ್ತಿ ಪದಗಳದ್ದು. ಅವರ ತಲೆಗೆ, ತಲೆಗೂದಲಿಗೆ, ಮುಖಕ್ಕೆ, ಬಾಯಿಗೆ, ಮೂಗಿಗೆ, ನಾಲಿಗೆಗೆ ಅಂತ ಅಂಗ ಅಂಗಕ್ಕೂ ಬೇರೆ ಬೇರೆ ಶಾಪ. ನಮ್ಮೂರ ಅಜ್ಜಿಯರು ಮಣ್ಣು ತೂರಿ ಬೈಯುವುದು ಇದರ ಮುಂದೆ ಏನೂ ಅಲ್ಲ. ರೀವರ್‌ಗಳು ದನ ಹೊಡೆಯುವುದನ್ನು ಬಿಡಲಿಲ್ಲ.

ಇಂಗ್ಲೆಂಡಿನಲ್ಲಿ 1601ರ ಕಾಯ್ದೆ ಬ್ಲ್ಯಾಕ್‌ಮೇಲ್ ಅನ್ನು ಹೆಸರು ಹಿಡಿದೇ ನಿಷೇಧಿಸಿತು. ಕಂಬರ್ಲೆಂಡ್, ನಾರ್ತಂಬರ್ಲೆಂಡ್, ವೆಸ್ಟ್‌ಮೋರ್ಲೆಂಡ್ ಮತ್ತು ಡರ್ಹಂ ಭಾಗಗಳಿಗೆ ಅದು ಅನ್ವಯ. ತೆಗೆದುಕೊಂಡವನಿಗೆ ಮಾತ್ರವಲ್ಲ, ಕೊಟ್ಟವನಿಗೂ ಮರಣದಂಡನೆ. ಕೊಡದಿದ್ದರೆ ಕಳ್ಳ ಬಿಡುವುದಿಲ್ಲ, ಕೊಟ್ಟರೆ ರಾಣಿ ಬಿಡುವುದಿಲ್ಲ. ರೈತನ ಪಾಡು ಅತ್ತ ದರಿ, ಇತ್ತ ಪುಲಿ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ. ಎರಡು ರಾಜ್ಯಕ್ಕೂ ಒಬ್ಬನೇ ಒಡೆಯನಾದ ಮೇಲೆ ಕದ್ದು ಗಡಿ ದಾಟಿ ಬಚಾವಾಗುವ ಆಟ ನಡೆಯಲಿಲ್ಲ. ಎಷ್ಟೋ ರೀವರ್‌ಗಳನ್ನು ನೇಣಿಗೆ ಹಾಕಿದರು, ಎಷ್ಟೋ ಜನರನ್ನು ಐರ್ಲೆಂಡಿಗೆ ಅಟ್ಟಿದರು.

ಸ್ಕಾಟ್ಲೆಂಡಿನ ದಂತಕಥೆಯ ನಾಯಕ ರಾಬ್ ರಾಯ್ ಕೂಡ ಬ್ಲ್ಯಾಕ್‌ಮೇಲ್ ಮಾಡುತ್ತಿದ್ದನಂತೆ?

ಹೌದು. ಗಡಿಯಲ್ಲಿ ತಣ್ಣಗಾದ ಮೇಲೂ ಉತ್ತರದ ಹೈಲ್ಯಾಂಡ್ಸ್ ಬೆಟ್ಟಗಳಲ್ಲಿ ಈ ಪದ್ಧತಿ ಉಳಿಯಿತು. ರಾಬ್ ರಾಯ್ ಮೆಕ್‌ಗ್ರೆಗರ್ ದನದ ವ್ಯಾಪಾರಿ. ಹಣ ಕೊಟ್ಟವರ ದನಗಳಿಗೆ ಕಾವಲು, ಕೊಡದವರದ್ದು ದೇವರೇ ಗತಿ. 1734ರಲ್ಲಿ ಸತ್ತ. 1746ರಲ್ಲಿ ಕಲೋಡನ್ ಕಾಳಗದಲ್ಲಿ ಹೈಲ್ಯಾಂಡರು ಸೋತ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ ಈ ದಂಧೆಯೂ ಮುಗಿಯಿತು.

ಮತ್ತೆ ಗುಟ್ಟು, ಫೋಟೊ, ಮಾನ ಇದೆಲ್ಲ ಯಾವಾಗ ಸೇರಿಕೊಂಡಿತು?

19ನೇ ಶತಮಾನದಲ್ಲಿ. ದನದ ವಸೂಲಿ ನಿಂತಿತ್ತು, ಪದ ಮಾತ್ರ ಖಾಲಿ ಕೂತಿತ್ತು. ಹೆದರಿಸಿ ಹಣ ಕೀಳುವ ಯಾವ ಕೆಲಸಕ್ಕಾದರೂ ಜನ ಅದನ್ನು ಬಳಸತೊಡಗಿದರು. ನಗರ ಬೆಳೆಯಿತು, ಪತ್ರಿಕೆ ಬಂತು, ಮರ್ಯಾದೆಗೆ ಬೆಲೆ ಜಾಸ್ತಿಯಾಯಿತು. ಕೊಟ್ಟಿಗೆಯ ದನದ ಜಾಗಕ್ಕೆ ಮಾನ ಬಂದು ನಿಂತಿತು.

ಪದಕ್ಕೆ ಈ ಅರ್ಥ ಬರುವ ಮೊದಲೇ ಕೆಲಸ ನಡೆದಿತ್ತು ಅನ್ನಿ. ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ತನಗೆ ಸಂಬಂಧವಿದ್ದ ಹೆಂಗಸಿನ ಗಂಡ ಜೇಮ್ಸ್ ರೆನಾಲ್ಡ್ಸ್‌ಗೆ ಬಾಯಿ ಮುಚ್ಚಿಕೊಂಡಿರಲು ಸಾವಿರಕ್ಕೂ ಹೆಚ್ಚು ಡಾಲರ್ ಕೊಟ್ಟಿದ್ದ. ವಿರೋಧಿಗಳು ಅದನ್ನು ಸರ್ಕಾರದ ಹಣದ ದುರುಪಯೋಗ ಎಂದು ಎತ್ತಿದಾಗ, 1797ರಲ್ಲಿ ತಾನೇ ಎಲ್ಲವನ್ನೂ ಅಚ್ಚು ಹಾಕಿಸಿದ. ಹಣದ ಕಳಂಕ ಹೋಯಿತು, ಸಂಸಾರದ್ದು ಬೀದಿಗೆ ಬಂತು.

ಶ್ರೀಮಂತರ ಗಣಿಕೆಯಾಗಿದ್ದ ಲಂಡನ್ನಿನ ಹ್ಯಾರಿಯೆಟ್ ವಿಲ್ಸನ್ 1825ರಲ್ಲಿ ತನ್ನ ಆತ್ಮಕಥೆ ಹೊರತಂದಳು. ಅದಕ್ಕೆ ಮೊದಲು ತನ್ನ ಹಳೇ ಗೆಳೆಯರಿಗೆ, ಅಂದರೆ ದೊಡ್ಡ ದೊಡ್ಡ ಗಂಡಸರಿಗೆ, ಒಂದು ದರ ತಿಳಿಸಿದ್ದಳು. ಹೆಸರು ಬಿಡಬೇಕಾದರೆ ಒಟ್ಟಿಗೆ 200 ಪೌಂಡ್, ಇಲ್ಲವೇ ವರ್ಷಕ್ಕೆ 20 ಪೌಂಡ್. ಆ ವರ್ಷಕ್ಕೆ 20 ಅನ್ನುವುದನ್ನು ನೋಡಿ. ಮೇಲ್ ಪದದ ಹಳೇ ಅರ್ಥ ಅಲ್ಲೇ ಕೂತಿದೆ. ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿದವರು “ಒಂದು ಸಲ ಕೊಟ್ಟು ಮುಗಿಸೋಣ” ಅಂದುಕೊಳ್ಳುತ್ತಾರೆ. ಅದು ಬಾಡಿಗೆ. ಮುಂದಿನ ತಿಂಗಳೂ ಬರುತ್ತಾನೆ.

ನಿಜ ಹೇಳುವುದು ತಪ್ಪಲ್ಲ, ದುಡ್ಡು ಕೇಳುವುದೂ ತಪ್ಪಲ್ಲ. ಸೇರಿದರೆ ಮಾತ್ರ ಯಾಕೆ ಅಪರಾಧ?

ಒಳ್ಳೆಯ ಪ್ರಶ್ನೆ. ಕಾನೂನು ಪಂಡಿತರೇ ಇದಕ್ಕೆ ‘ಬ್ಲ್ಯಾಕ್‌ಮೇಲ್ ಒಗಟು’ ಎಂದು ಹೆಸರಿಟ್ಟು ತಲೆ ಕೆಡಿಸಿಕೊಂಡಿದ್ದಾರೆ. ಪಕ್ಕದ ಮನೆಯವನು ಅನುಮತಿ ಇಲ್ಲದೆ ಒಂದು ಮಹಡಿ ಜಾಸ್ತಿ ಕಟ್ಟಿದ ಅಂದುಕೊಳ್ಳಿ. ಪಾಲಿಕೆಗೆ ದೂರು ಕೊಡುವುದು ನಿಮ್ಮ ಹಕ್ಕು. ಅವನ ಹತ್ತಿರ ಐವತ್ತು ಸಾವಿರ ಕೈಗಡ ಕೇಳುವುದೂ ತಪ್ಪಲ್ಲ. “ಐವತ್ತು ಸಾವಿರ ಕೊಟ್ರೆ ದೂರು ಕೊಡಲ್ಲ” ಅಂದರೆ ಕಥೆಯೇ ಬೇರೆ. ಒಬ್ಬೊಬ್ಬರದು ಒಂದೊಂದು ಉತ್ತರ. ನನಗೆ ಸರಿ ಅನ್ನಿಸುವುದು ಇದು: ಆ ದೂರು ಊರಿನ ಸೊತ್ತು. ಅದನ್ನು ಮಾರಿ ದುಡ್ಡು ಮಾಡಲು ಇವನು ಯಾರು?

ನಮ್ಮ ಕಾನೂನಿನಲ್ಲಿ ಬ್ಲ್ಯಾಕ್‌ಮೇಲ್ ಅನ್ನುವ ಅಪರಾಧ ಇದೆಯಾ?

ಆ ಹೆಸರಿನಲ್ಲಿ ಪ್ರತ್ಯೇಕವಾಗಿ ಇಲ್ಲ. ‘ಸುಲಿಗೆ’ಯ ಒಳಗೆ ಬರುತ್ತದೆ. 1860ರ ದಂಡ ಸಂಹಿತೆಯ 383ನೇ ಕಲಂ ಸುಲಿಗೆಯನ್ನು ವಿವರಿಸುವಾಗ ಕೊಟ್ಟ ಮೊದಲ ಉದಾಹರಣೆಯೇ ಬ್ಲ್ಯಾಕ್‌ಮೇಲ್: ಹಣ ಕೊಡದಿದ್ದರೆ ನಿನ್ನ ಮಾನ ಹೋಗುವಂಥದ್ದನ್ನು ಪ್ರಕಟಿಸುತ್ತೇನೆ ಅಂತ ಹೆದರಿಸಿ ಹಣ ಪಡೆಯುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 308ನೇ ಕಲಂ. ಮೊದಲು ಮೂರು ವರ್ಷದವರೆಗೆ ಇದ್ದ ಸಾಮಾನ್ಯ ಸುಲಿಗೆಯ ಶಿಕ್ಷೆ ಈಗ ಏಳು ವರ್ಷದವರೆಗೆ ಹೋಗಬಹುದು. ಇಂಗ್ಲೆಂಡಿನಲ್ಲಿ ಮಾತ್ರ 1968ರ ಕಳವಿನ ಕಾಯ್ದೆಯಲ್ಲಿ ಬ್ಲ್ಯಾಕ್‌ಮೇಲ್ ಅಂತಲೇ ಹೆಸರಿಸಿದ್ದಾರೆ, ಗರಿಷ್ಠ 14 ವರ್ಷ.

‘ಸುಲಿಗೆ’ ನನಗೆ ಬಹಳ ಹಿಡಿಸಿದ ಪದ. ಬಾಳೆಹಣ್ಣು ಸುಲಿಯುವುದು, ಅಡಿಕೆ ಸುಲಿಯುವುದು, ಮನುಷ್ಯನನ್ನು ಸುಲಿಯುವುದು. ಮೂರಕ್ಕೂ ಒಂದೇ ಕ್ರಿಯಾಪದ.

ಬೇರೆ ಭಾಷೆಯವರು ಏನೆನ್ನುತ್ತಾರೆ?

ಫ್ರೆಂಚರು ‘ಶಾಂತಾಜ್’ ಅನ್ನುತ್ತಾರೆ, ‘ಹಾಡಿಸು’ ಅನ್ನುವ ಅರ್ಥದ ಮಾತಿನಿಂದ ಬಂದದ್ದು. ನಾವು ಬಾಯಿ ಬಿಡಿಸು ಅಂತೇವಲ್ಲ, ಹಾಗೆ. ರಷ್ಯನ್ನರು, ತುರ್ಕರು ಅದನ್ನೇ ಕಡ ತಂದುಕೊಂಡರು. ಜರ್ಮನರದು ಹಿಂಡುವುದು. ಹಿಂದಿಯ ಪಂಡಿತರು ‘ಭಯಾದೋಹನ’ ಅಂತ ಕಟ್ಟಿದ್ದಾರೆ: ಭಯ ಹುಟ್ಟಿಸಿ ಹಾಲು ಕರೆಯುವುದು! ಯಾರೂ ಆಡುವುದಿಲ್ಲ, ಆದರೂ ದನಗಳ್ಳರಿಂದ ಹುಟ್ಟಿದ ಪದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ನಮ್ಮ ಕಡೆ ಇಂಥ ‘ಕರಿ ಗೇಣಿ’ ಇತ್ತಾ?

ಹತ್ತಿರದ್ದು ಮರಾಠರ ಚೌಥ್. ನಿಮ್ಮ ಸೀಮೆಯ ಕಂದಾಯದಲ್ಲಿ ನಾಲ್ಕನೇ ಒಂದು ಭಾಗ ಕೊಟ್ಟುಬಿಡಿ, ನಮ್ಮ ಕುದುರೆ ನಿಮ್ಮ ಹೊಲಕ್ಕೆ ಬರುವುದಿಲ್ಲ ಅನ್ನುವ ಲೆಕ್ಕ. 1719ರಲ್ಲಿ ಮೊಘಲ್ ಬಾದಶಹನೇ ದಖ್ಖನಿನ ಆರು ಸುಬಾಗಳಿಂದ ಚೌಥ್ ಎತ್ತಲು ಅವರಿಗೆ ಒಪ್ಪಿಗೆ ಕೊಟ್ಟ. ರಾಜ್ಯ ಕಟ್ಟುವವರು ಮಾಡಿದರೆ ತೆರಿಗೆ, ದನ ಹೊಡೆಯುವವರು ಮಾಡಿದರೆ ಬ್ಲ್ಯಾಕ್‌ಮೇಲ್. ನಡುವಿನ ಗೆರೆ ಅಷ್ಟೇನೂ ದಪ್ಪ ಇರಲಿಲ್ಲ.

ಪೇಟೆ ಬೀದಿಯಲ್ಲಿ ಇವತ್ತು ಕೇಳುವ ಪದಗಳು ‘ಹಫ್ತಾ’ ಮತ್ತು ‘ಮಾಮೂಲು’. ಹಫ್ತಾ ಪಾರ್ಸಿಯಲ್ಲಿ ವಾರ, ಮಾಮೂಲು ಅರಬ್ಬಿಯಲ್ಲಿ ರೂಢಿಯದು. ಎರಡರಲ್ಲೂ ಬೆದರಿಕೆಯ ಸುಳಿವಿಲ್ಲ, ಮತ್ತೆ ಮತ್ತೆ ಬರುತ್ತದೆ ಅನ್ನುವುದಷ್ಟೇ ಇದೆ. ಮೇಲ್‌ನ ಹಾಗೇ.

ಎಮೋಷನಲ್ ಬ್ಲ್ಯಾಕ್‌ಮೇಲ್ ಅನ್ನುವುದು ಸರಿಯಾದ ಬಳಕೆಯಾ?

ಧಾರಾಳವಾಗಿ. “ನೀನು ಬರದಿದ್ರೆ ನಾನು ಊಟ ಮಾಡಲ್ಲ” ಅಂತ ಅಮ್ಮ ಫೋನಿನಲ್ಲಿ ಹೇಳುವುದು ಇದೇ. ಇಲ್ಲಿ ದುಡ್ಡಿಲ್ಲ, ಗುಟ್ಟಿಲ್ಲ, ‘ಇಲ್ಲದಿದ್ರೆ’ ಮಾತ್ರ ಇದೆ. ಗುಟ್ಟಿಲ್ಲದ ಕಾರಣಕ್ಕೆ ಇದು ಹಳೇ ಅರ್ಥಕ್ಕೆ ಒಂದು ಹೆಜ್ಜೆ ಹತ್ತಿರವೇ. ನನ್ನ ಅಕ್ಕನ ಮಗಳು ಇದಕ್ಕಿಂತ ಮುಂದಿದ್ದಾಳೆ. ತಮ್ಮ ಒಡೆದ ಹೂಕುಂಡದ ವಿಷಯ ಅಮ್ಮನಿಗೆ ಹೇಳದಿರಲು ವಾರಕ್ಕೊಂದು ಚಾಕ್ಲೇಟ್ ವಸೂಲಿ ಮಾಡುತ್ತಿದ್ದಳು. ಮೇಲ್ ಅಂದರೆ ಬಾಡಿಗೆ ಅಂತ ಅವಳಿಗೆ ಹೇಳಿಕೊಟ್ಟದ್ದು ಆಮೇಲೆ!

ಗ್ರೀನ್‌ಮೇಲ್ ಅಂತಲೂ ಕೇಳಿದ್ದೇನೆ?

1980ರ ದಶಕದ ಅಮೆರಿಕದ ಷೇರುಪೇಟೆಯ ಪದ. ಕಂಪನಿಯ ಷೇರು ರಾಶಿ ಕೊಂಡು, ಕಂಪನಿಯನ್ನೇ ನುಂಗುತ್ತೇನೆ ಅಂತ ಹೆದರಿಸಿ, ಅದೇ ಷೇರನ್ನು ಜಾಸ್ತಿ ಬೆಲೆಗೆ ಅವರಿಗೇ ಮಾರುವುದು. 1984ರಲ್ಲಿ ಡಿಸ್ನಿ ಕಂಪನಿ ಹೂಡಿಕೆದಾರ ಸಾಲ್ ಸ್ಟೈನ್‌ಬರ್ಗ್‌ಗೆ ಹೀಗೆ 32 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. ಹಸಿರು ಡಾಲರ್ ನೋಟಿನ ಬಣ್ಣ.

ಬ್ಲ್ಯಾಕ್‌ಮೇಲ್ ನಿಜವಾಗಿಯೂ ಇ-ಮೇಲಿನಲ್ಲೇ ಬಂದರೆ?

ನನಗೂ ಒಂದು ಬಂದಿತ್ತು. ಮೊದಲ ಸಾಲಿನಲ್ಲೇ ನನ್ನ ಹಳೇ ಪಾಸ್‌ವರ್ಡ್! ನಿನ್ನ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿದೆ, 48 ಗಂಟೆಯಲ್ಲಿ ಬಿಟ್‌ಕಾಯಿನ್ ಕಳಿಸು ಅಂತ. ಕೈ ತಣ್ಣಗಾಯಿತು. ಆಮೇಲೆ ಹೊಳೆಯಿತು, ಆ ಕಂಪ್ಯೂಟರಿಗೆ ಕ್ಯಾಮೆರಾನೇ ಇಲ್ಲ. ಎಲ್ಲೋ ಸೋರಿದ ಪಾಸ್‌ವರ್ಡ್ ಪಟ್ಟಿ ಹಿಡಿದು ಸಿಕ್ಕಸಿಕ್ಕವರಿಗೆಲ್ಲ ಕಳಿಸುವ ಕಾಗದ ಅದು. ಉತ್ತರ ಕೊಡಬೇಡಿ, ಆ ಪಾಸ್‌ವರ್ಡ್ ಎಲ್ಲೆಲ್ಲಿ ಇದೆಯೋ ಬದಲಾಯಿಸಿ.

ವಿಡಿಯೊ ಕಾಲ್ ಮಾಡಿ ನಿಜವಾಗಿ ಚಿತ್ರ ಹಿಡಿದು ಹೆದರಿಸುವವರೂ ಇದ್ದಾರೆ. ಆಗಲೂ ದುಡ್ಡು ಕೊಡಬೇಡಿ. ಮೆಸೇಜು, ನಂಬರು, ಖಾತೆಯ ವಿವರ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಪೊಲೀಸರಿಗೆ ಅಥವಾ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಗುಟ್ಟು ಇಬ್ಬರಿಗೆ ಗೊತ್ತಾದರೆ ಅವನ ಬಾಡಿಗೆ ಅರ್ಧ ಇಳಿಯಿತು.

ಕನ್ನಡದಲ್ಲಿ ಒಂದೇ ಪದವಾಗಿ ಬರೆಯಬೇಕಾ, ಬಿಡಿಸಿ ಬರೆಯಬೇಕಾ?

ಒಂದೇ ಪದವಾಗಿ. ‘ಬ್ಲ್ಯಾಕ್ ಮೇಲ್’ ಅಂತ ಬಿಡಿಸಿದರೆ ಮತ್ತೆ ಕಪ್ಪು ಪತ್ರದ ಕಥೆಗೇ ಹೋಗುತ್ತೇವೆ. ಕೂಡಿದ ಪದದ ಅರ್ಥ ಬಿಡಿ ಪದಗಳ ಮೊತ್ತ ಅಲ್ಲ. ನಮ್ಮ ಹೆಬ್ಬೆರಳನ್ನೇ ನೋಡಿ. ಹಿರಿದು, ಬೆರಳು ಸೇರಿ ಆದದ್ದು. ಕೈಯಲ್ಲಿ ಉದ್ದದ ಬೆರಳು ಬೇರೆಯೇ ಇದೆ, ಅದನ್ನು ಯಾರೂ ಹೆಬ್ಬೆರಳು ಅನ್ನುವುದಿಲ್ಲ.

‘ಬ್ಲಾಕ್‌ಮೇಲ್’ ಅಂತಲೂ ಪತ್ರಿಕೆಗಳಲ್ಲಿ ಕಾಣುತ್ತದೆ. ಅಲ್ಲಿ ಬ್ಲಾಕ್ ಅನ್ನುವುದನ್ನು ಫೋನಿನಲ್ಲಿ ಬ್ಲಾಕ್ ಮಾಡುವುದು ಅಂತಲೂ ಓದಿಕೊಳ್ಳಬಹುದು. ನಾನು ‘ಬ್ಲ್ಯಾ’ ಅಂತಲೇ ಬರೆಯುತ್ತೇನೆ. ಟೈಪ್ ಮಾಡಲು ಒಂದು ಕೀ ಜಾಸ್ತಿ, ಅಷ್ಟೇ.